ಯಳಂದೂರಿನ ಜಹಗೀರು, ಕೊಳ್ಳೇಗಾಲದ ಕಿರ್ದಿ

ಹೈದರಾಲಿಯ ಅರಮನೆಗೆ ಸರಕು ಒದಗಿಸುತ್ತಿದ್ದ ಅನ್ನದಾನ ಶೆಟ್ಟಿಯ ಬಳಿ ಲೆಕ್ಕ ಬರೆಯುತ್ತಿದ್ದ ಬಡ ಹುಡುಗನೊಬ್ಬ ಮುಂದೆ ಹೈದರನ ಹಣಕಾಸಿನ ಉಸ್ತುವಾರಿಗೆ ನಿಂತ, ಟಿಪ್ಪುವಿನ ಮಂತ್ರಿಯಾದ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಒಡೆಯರ ದಿವಾನನೂ ಆದ. ಆಳುವವರು ಎರಡು ಬಾರಿ ಬದಲಾದರು. ಲೆಕ್ಕ ನೋಡುವವರು ಬದಲಾಗಲಿಲ್ಲ. ಆ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕಿದ್ದು ಯಳಂದೂರು.

ಅವರ ಬಗ್ಗೆ ದಂತಕತೆಗಳು ಬೇಕಾದಷ್ಟಿವೆ. ಎರಡೂ ಕೈಯಲ್ಲಿ ಬರೆಯುತ್ತಿದ್ದರಂತೆ, ಒಮ್ಮೆ ಕೇಳಿದ ಅಂಕಿ ಮರೆಯುತ್ತಿರಲಿಲ್ಲವಂತೆ. ಅದೆಲ್ಲ ಹಾಗಿರಲಿ. ನಂಬಬಹುದಾದ ಸಂಗತಿಯೊಂದು ಇವನ್ನೆಲ್ಲ ಮೀರಿಸುವಂತಿದೆ. 1782ರ ಡಿಸೆಂಬರಿನಲ್ಲಿ ಹೈದರ್ ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡಾಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಪೂರ್ಣಯ್ಯನವರೂ ಹೈದರನ ಇನ್ನೊಬ್ಬ ಹಣಕಾಸು ಅಧಿಕಾರಿ ಕೃಷ್ಣರಾಯರೂ ಸಾವಿನ ಸುದ್ದಿಯನ್ನು ಸೈನ್ಯಕ್ಕೆ ಬಿಟ್ಟುಕೊಡದೆ, ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಐವಜು ಸಾಗಿಸುವ ರೀತಿಯಲ್ಲಿ ಕೋಲಾರಕ್ಕೆ ಕಳಿಸಿದರು ಎಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಖಜಾನೆಯ ಪೆಟ್ಟಿಗೆ ಎಂದರೆ ಯಾರೂ ಮುಚ್ಚಳ ತೆಗೆಯುವ ಧೈರ್ಯ ಮಾಡುವುದಿಲ್ಲ ಎಂಬುದು ಲೆಕ್ಕದವರಿಗಲ್ಲದೆ ಮತ್ತಾರಿಗೆ ಹೊಳೆದೀತು?

ಇಂದು ವಾಣಿಜ್ಯ ಪದವಿಗಳಲ್ಲಿ ‘ಲೆಕ್ಕಪತ್ರ ಮಾಹಿತಿ ವ್ಯವಸ್ಥೆ’ ಎಂಬ ಹೆಸರಿನ ಪಾಠವೊಂದಿದೆ. ಹೆಸರು ಕೇಳಿದರೆ ಕಂಪ್ಯೂಟರಿನ ಜೊತೆಗೇ ಹುಟ್ಟಿದ್ದು ಅನಿಸುತ್ತದೆ. ಪುಸ್ತಕ ಬಿಡಿಸಿದರೆ ಒಳಗಿರುವುದು ಹಳೆಯ ಪ್ರಶ್ನೆಗಳು: ಬರೆಯುವವರು ಯಾರು, ಹಣ ಮುಟ್ಟುವವರು ಯಾರು, ತಾಳೆ ನೋಡುವವರು ಯಾರು, ಬರೆದದ್ದನ್ನು ಅಳಿಸಿದರೆ ಗೊತ್ತಾಗುತ್ತದೆಯೇ? ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಈ ಪ್ರಶ್ನೆಗಳಿಗೆ ಮುನ್ನೂರು ವರ್ಷಗಳಿಂದ ಒಂದೊಂದು ಕಾಲ ಒಂದೊಂದು ಉತ್ತರ ಕೊಡುತ್ತ ಬಂದಿದೆ. ಕೆಲವು ಉತ್ತರಗಳು ಚೆನ್ನಾಗಿಯೇ ಕೈಕೊಟ್ಟಿವೆ.

ಪೂರ್ಣಯ್ಯನವರಿಗಿಂತ ನೂರು ವರ್ಷ ಮೊದಲೇ ಯಳಂದೂರು ಮೈಸೂರಿಗೆ ಒಬ್ಬ ಮಂತ್ರಿಯನ್ನು ಕೊಟ್ಟಿತ್ತು. ಚಿಕ್ಕದೇವರಾಜ ಒಡೆಯರ ಮೊದಲ ಪ್ರಧಾನಿ ವಿಶಾಲಾಕ್ಷ ಪಂಡಿತ ಈ ಊರಿನ ಜೈನ. ಆ ದೊರೆಯ ಊಳಿಗದಲ್ಲಿದ್ದ ಕವಯಿತ್ರಿ ಸಂಚಿ ಹೊನ್ನಮ್ಮ ಕೂಡ ಯಳಂದೂರಿನವಳೇ. ಊರಿನವರು ಹೊನ್ನಮ್ಮನನ್ನು ನೆನೆಯುವಷ್ಟು ಪಂಡಿತನನ್ನು ನೆನೆಯುವುದಿಲ್ಲ. ತೆರಿಗೆ ಹಾಕಿದ ಮಂತ್ರಿಗೆ ಅದು ಸಹಜವೇ. ರೈತರು ಹೊಸ ತೆರಿಗೆಗಳಿಗೆ ರೊಚ್ಚಿಗೆದ್ದ ಕಾಲ ಅದು. ಪಂಡಿತ 1686ರಲ್ಲಿ ಕೊಲೆಯಾದ.

ಚಿಕ್ಕದೇವರಾಜರ ಬಗ್ಗೆ ಒಂದು ಮಾತು ಪ್ರಸಿದ್ಧ. ದಿನಾ ಬೆಳಿಗ್ಗೆ ಎರಡು ಸಾವಿರ ವರಹ ಖಜಾನೆಗೆ ಜಮೆಯಾಗುವ ತನಕ ಅವರು ಊಟಕ್ಕೆ ಏಳುತ್ತಿರಲಿಲ್ಲವಂತೆ. ‘ನವಕೋಟಿ ನಾರಾಯಣ’ ಎಂಬ ಬಿರುದು ಬಂದದ್ದೂ ಹಾಗೆಯೇ. ಆದರೆ ಅವರ ನಿಜವಾದ ಕೆಲಸ ಚೀಲ ತುಂಬಿಸಿದ್ದಲ್ಲ, ಕಚೇರಿ ಹಂಚಿದ್ದು. 1700ರಲ್ಲಿ ಔರಂಗಜೇಬನ ದರ್ಬಾರಿನಿಂದ ಮರಳಿದ ರಾಯಭಾರಿಗಳ ವರದಿಯನ್ನು ಮುಂದಿಟ್ಟುಕೊಂಡು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಒಡೆದರು: ಅಠಾರಾ ಕಚೇರಿ. ಅರ್ಜಿಗಳಿಗೆ ನಿರೂಪದ ಚಾವಡಿ, ಲೆಕ್ಕಕ್ಕೆ ಆಯಕಟ್ಟಿನ ಚಾವಡಿ, ಸುಂಕಕ್ಕೆ ಬೇರೆ, ದೇವಸ್ಥಾನಕ್ಕೆ ಬೇರೆ, ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ. ಸುಂಕ ಎತ್ತುವವನೇ ಒಟ್ಟು ಲೆಕ್ಕವನ್ನೂ ಬರೆಯಬಾರದು ಎಂಬ ಎಚ್ಚರ ಈ ಹಂಚಿಕೆಯಲ್ಲಿ ಕಾಣುತ್ತದೆ. ಇಂದಿನ ಪಠ್ಯದಲ್ಲಿ ಇದಕ್ಕೆ ಕರ್ತವ್ಯಗಳ ವಿಭಜನೆ ಎಂಬ ದೊಡ್ಡ ಅಧ್ಯಾಯವೇ ಇದೆ.

ಬರೆಯುತ್ತಿದ್ದದ್ದು ಯಾವುದರ ಮೇಲೆ? ಕಡತದ ಮೇಲೆ. ಒಂದು ಅಡಿಯೊಳಗಿನ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆಗೆ ಇದ್ದಿಲ ಪುಡಿ ಬೆರೆಸಿದ ಸರಿಯನ್ನು ಬಳಿಯುವರು. ಒಣಗಿ ಕಪ್ಪಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಕಡೆಗೂ ಹಲಗೆ ಅಂಟಿಸಿದರೆ ಪುಸ್ತಕ ತಯಾರು. ಬರೆಯುವುದು ಬಳಪದಲ್ಲಿ. ಶೃಂಗೇರಿ ಮಠದ ಆಡಳಿತ ದಾಖಲೆಗಳೂ ಇಂಥ ಕಡತಗಳಲ್ಲೇ ಉಳಿದು ಬಂದಿವೆ. ಮೈಸೂರಿನ ರೆಸಿಡೆಂಟನಾಗಿದ್ದ ವಿಲ್ಕ್ಸ್ ತನ್ನ ಇತಿಹಾಸದ ಮುನ್ನುಡಿಯಲ್ಲಿ ಕಡತವನ್ನು ಬಿಡಿಸಿ ವರ್ಣಿಸಿದ್ದಾನೆ. ಅಂಗಡಿಯವರೂ ಲೆಕ್ಕಕ್ಕೆ ಇದನ್ನೇ ಬಳಸುತ್ತಿದ್ದರು, ಚೆನ್ನಾಗಿ ನೋಡಿಕೊಂಡರೆ ಕಾಗದಕ್ಕಿಂತ ಹೆಚ್ಚು ಬಾಳುತ್ತಿತ್ತು. ಆದರೆ ಒರೆಸಿದರೆ ಅಳಿಸಿಹೋಗುತ್ತಿತ್ತು, ಅದೇ ಜಾಗದಲ್ಲಿ ಹೊಸದು ಬರೆಯಬಹುದಿತ್ತು. ಲೆಕ್ಕದ ಪುಸ್ತಕಕ್ಕೆ ಇದಕ್ಕಿಂತ ಅನುಕೂಲವೂ ಇಲ್ಲ, ಅಪಾಯವೂ ಇಲ್ಲ.

ಹಾಗಾದರೆ ಭದ್ರತೆ ಎಲ್ಲಿತ್ತು? ಒಂದೇ ಲೆಕ್ಕ ಒಂದಕ್ಕಿಂತ ಹೆಚ್ಚು ಕೈಗಳಲ್ಲಿ ಇರುವುದರಲ್ಲಿತ್ತು. ಹೈದರನ ಕಾಲದಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಲೆಕ್ಕ ನಡೆಯುತ್ತಿತ್ತು. ಟಿಪ್ಪು ಅದರ ಮೇಲೆ ಪಾರಸಿಯನ್ನೂ ತಂದ. ಭಾಷೆಯ ಅಭಿಮಾನಕ್ಕೆ ಮಾಡಿದ್ದೆಂದು ಇದನ್ನು ಓದುವವರಿದ್ದಾರೆ. ಲೆಕ್ಕಿಗರ ಕಣ್ಣಿನಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಬೇರೆ ಬೇರೆ ಲಿಪಿಯ ಗುಮಾಸ್ತರು ಬೇರೆ ಬೇರೆ ಪುಸ್ತಕ ಇಟ್ಟರೆ, ಒಂದರಲ್ಲಿ ಅಂಕಿ ತಿದ್ದಿದವನು ಉಳಿದವುಗಳನ್ನೂ ತಿದ್ದಿಸಬೇಕಾಗುತ್ತದೆ. ಎಲ್ಲರೂ ಕೂಡಿಕೊಂಡರೆ ಮಾತ್ರ ಕಳ್ಳತನ ಸಾಧ್ಯ.

ಎಲ್ಲರೂ ಕೂಡಿಕೊಂಡರೆ ಏನಾಗುತ್ತದೆ ಎಂಬುದು ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

1799ರಲ್ಲಿ ಟಿಪ್ಪುವಿನ ರಾಜ್ಯ ಪಾಲಾದಾಗ ಸುವರ್ಣಾವತಿಯ ದಂಡೆಯ ಯಳಂದೂರು ಮೈಸೂರಿಗೆ ಉಳಿಯಿತು. ಅದೇ ಹೊಳೆ ಕಾವೇರಿ ಸೇರುವ ಕೊಳ್ಳೇಗಾಲ, ಅದರ ಬೆನ್ನಿಗಿರುವ ಹನೂರು, ಮಲೆ ಮಹದೇಶ್ವರ ಬೆಟ್ಟ ಎಲ್ಲವೂ ಈಸ್ಟ್ ಇಂಡಿಯಾ ಕಂಪನಿಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿದವು. ಪಕ್ಕಪಕ್ಕದ ಊರುಗಳಿಗೆ ಎರಡು ಸರ್ಕಾರ, ಎರಡು ಬಗೆಯ ಪುಸ್ತಕ. ಯಳಂದೂರಿನಲ್ಲಿ ಜಹಗೀರುದಾರರ ಕಂದಾಯ, ಊರಿಗೊಬ್ಬ ಶಾನುಭೋಗ. ಕೊಳ್ಳೇಗಾಲದಲ್ಲಿ ಮದರಾಸಿನ ರೈತವಾರಿ ಪದ್ಧತಿ, ಊರಿಗೊಬ್ಬ ಕರಣಂ, ಅವನ ಕೈಯಲ್ಲಿ ಅಡಂಗಲ್, ಚಿಟ್ಟಾ, ಪಟ್ಟಾ ಎಂಬ ಹೊಲ–ಕಂದಾಯದ ದಾಖಲೆಗಳು, ವರ್ಷಕ್ಕೊಮ್ಮೆ ಜಮಾಬಂದಿ ಎಂಬ ತಪಾಸಣೆ, ಲೆಕ್ಕವೆಲ್ಲ ಫಸಲಿ ಎಂಬ ಕಂದಾಯ ವರ್ಷದಲ್ಲಿ.

ರೈತವಾರಿಯ ತರ್ಕ ಕೇಳಲು ಸೊಗಸು. ನಡುವೆ ಪಾಳೆಯಗಾರ ಬೇಡ, ಜಮೀನುದಾರ ಬೇಡ. ಸರ್ಕಾರವೇ ಒಬ್ಬೊಬ್ಬ ರೈತನ ಜೊತೆ ನೇರ ಲೆಕ್ಕ ಇಟ್ಟುಕೊಳ್ಳುತ್ತದೆ. ಆದರೆ ಸಾವಿರಾರು ರೈತರ ಹೆಸರು, ಹೊಲ, ಬೆಳೆ, ಬಾಕಿ ಬರೆದಿಡುವುದು ಯಾರು? ಆ ಊರಿನ ಕರಣಂ. ಸಾಹೇಬ ವರ್ಷಕ್ಕೊಮ್ಮೆ ಕುದುರೆ ಏರಿ ಬರುತ್ತಾನೆ, ಕರಣಂ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತಾನೆ. ಈ ಪದ್ಧತಿಯ ಹೆಸರಿನ ಜೊತೆಗೇ ಬರುವ ಥಾಮಸ್ ಮನ್ರೋಗೂ ಸಹೋದ್ಯೋಗಿಗಳಿಗೂ ಕರಣಂಗಳ ಸುಳ್ಳು ಲೆಕ್ಕ ಕೊನೆಯ ತನಕ ತಲೆನೋವಾಗಿತ್ತು.

ಕೊಯಮತ್ತೂರಿನಲ್ಲಿ ಮಾತ್ರ ತಲೆನೋವು ಹಳ್ಳಿಯಿಂದಲ್ಲ, ಜಿಲ್ಲಾ ಕಚೇರಿಯಿಂದಲೇ ಬಂತು. ವಿಲಿಯಂ ಗ್ಯಾರೋ ಕಲೆಕ್ಟರ್ ಆಗಿದ್ದ ಕಾಲದಲ್ಲಿ ಖಜಾಂಚಿಯಾಗಿದ್ದವನು ಕಾಸಿ ಚೆಟ್ಟಿ. ಖಜಾನೆಯ ಬೀಗ ಅವನದು, ವ್ಯಾಪಾರದ ಗಂಟೂ ಅವನದು, ಕಚೇರಿಯ ನೌಕರರೂ ಅವನವರು. ಹತ್ತು ವರ್ಷದ ಮಟ್ಟಿಗೆ ಸರ್ಕಾರದ ಹಣವೂ ರೈತರ ಹಣವೂ ಅವನ ಜಾಲದಲ್ಲಿ ಸೋರಿಹೋದವು, ಮೇಲಿನವರಿಗೆ ಹೋಗುವ ಲೆಕ್ಕ ಮಾತ್ರ ನೆಟ್ಟಗಿತ್ತು. 1815ರಲ್ಲಿ ಗ್ಯಾರೋನ ಜಾಗಕ್ಕೆ ಜಾನ್ ಸಲಿವನ್ ಬಂದ, ಮುಂದೆ ಊಟಿಯನ್ನು ಕಟ್ಟಿದ ಸಲಿವನ್ ಇವನೇ. ಮರುವರ್ಷ ಮನ್ರೋ ಅವನನ್ನು ಜೊತೆಗಿಟ್ಟುಕೊಂಡು ವಿಚಾರಣೆಗೆ ಕುಳಿತ. ಅಲ್ಲಿ ಬಯಲಾದದ್ದು ಒಬ್ಬ ಕಳ್ಳನಲ್ಲ. ಮೇಲಿನಿಂದ ಕೆಳಗಿನ ತನಕ ಹೊಂದಿಕೊಂಡ ಒಂದು ಏರ್ಪಾಡು. ಕಲೆಕ್ಟರ್ ಓದುತ್ತಿದ್ದ ಪ್ರತಿ ಅಂಕಿಯೂ ಅವನು ಯಾರ ಮೇಲೆ ನಿಗಾ ಇಡಬೇಕಿತ್ತೋ ಅವರ ಕೈಯಿಂದಲೇ ಬರುತ್ತಿತ್ತು. ಕೊಳ್ಳೇಗಾಲದ ರೈತರು ಕಟ್ಟಿದ ಕಂದಾಯವೂ ಆ ಜಿಲ್ಲೆಯ ಖಜಾನೆಗೇ ಹೋಗುತ್ತಿತ್ತು.

ಅತ್ತ ಮೈಸೂರಿನ ಕತೆಯೂ ಸುಖವಾಗಿ ಮುಂದುವರಿಯಲಿಲ್ಲ. ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟು ಮರುವರ್ಷ ತೀರಿಕೊಂಡರು. ಅವರು ತುಂಬಿಸಿಟ್ಟಿದ್ದ ಖಜಾನೆ ಬರಿದಾಗುತ್ತ ಹೋಗಿ, 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಯಳಂದೂರಿನ ಜಹಗೀರು ಮಾತ್ರ ಮನೆತನದಲ್ಲಿ ಉಳಿಯಿತು. ಆ ಮನೆತನದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರ ತನಕ ಮೈಸೂರಿನ ದಿವಾನರಾದರು.

ಸರ್ಕಾರದ ಪುಸ್ತಕದ ಕತೆ ಇಷ್ಟಾದರೆ, ಪೇಟೆಯ ಪುಸ್ತಕದ ಕತೆ ಬೇರೆ. ಕೊಳ್ಳೇಗಾಲ ರೇಷ್ಮೆಯ ಊರು. ಮದರಾಸು ಪ್ರಾಂತ್ಯದಲ್ಲಿ ಹೇಳಿಕೊಳ್ಳುವಂಥ ರೇಷ್ಮೆ ಬೆಳೆ ಇದ್ದದ್ದು ಈ ತಾಲ್ಲೂಕಿನಲ್ಲೇ. ದೇವಾಂಗರ ಮಗ್ಗಗಳಲ್ಲಿ ಜರಿ ಸೀರೆ, ಜರಿ ಅಂಚಿನ ವಸ್ತ್ರಗಳು ತಯಾರಾಗುತ್ತಿದ್ದವು. ಇಲ್ಲಿಯ ಲೆಕ್ಕದಲ್ಲಿ ರೂಪಾಯಿಗಿಂತ ಮೊದಲು ಬರುವುದು ತೂಕ. ಸಾಹುಕಾರ ನೇಕಾರನಿಗೆ ರೇಷ್ಮೆಯನ್ನೂ ಜರಿಯನ್ನೂ ತೂಗಿ ಕೊಡುತ್ತಾನೆ, ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಾನೆ, ನಡುವಿನ ವ್ಯತ್ಯಾಸದಲ್ಲಿ ಸವಕಳಿ ಎಷ್ಟು, ಕಾಣೆಯಾದದ್ದು ಎಷ್ಟು ಎಂಬ ಜಗಳ. ಕೂಲಿ, ಮುಂಗಡ, ಹಬ್ಬದ ಸಾಲ ಆಮೇಲೆ. ದಿನದ ವ್ಯವಹಾರ ಕಿರ್ದಿಗೆ, ಅಲ್ಲಿಂದ ಆಸಾಮಿವಾರು ಖಾತೆಗೆ. ಪೂಜೆಯಾಗಿ ಅರಿಸಿನ ಕುಂಕುಮ ಬಿದ್ದ ಪುಸ್ತಕದಲ್ಲಿ ಸುಳ್ಳು ಬರೆಯಲು ಕೈ ಬರುವುದಿಲ್ಲ ಎಂಬ ನಂಬಿಕೆಯೂ ಒಂದು ನಿಯಂತ್ರಣವೇ; ಎಷ್ಟು ಗಟ್ಟಿಯಾದದ್ದು ಎಂಬುದನ್ನು ನೇಕಾರರನ್ನು ಕೇಳಬೇಕು.

ಗುಮಾಸ್ತನ ತಲೆಯೇ ಆಗಿನ ಯಂತ್ರ. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು, ಹದಿನಾರನೇ ಒಂದು ಪಾಲಿನ ವೀಸ, ಅದಕ್ಕೂ ಸಣ್ಣ ಕಾಣಿ ಎಲ್ಲ ಬಾಯಿಪಾಠ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರ ಗಣಿತ’ ಬರೆದ ಭಾಷೆಯಿದು. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂದು ಆಣೆ ಪೈ ಹೋದಾಗ, ಅದರ ಬೆನ್ನಿಗೇ ಸೇರು ಮಣ ಹೋಗಿ ಕಿಲೋ ಬಂದಾಗ, ಈ ವಿದ್ಯೆಯೆಲ್ಲ ಒಂದೇ ತಲೆಮಾರಿನಲ್ಲಿ ಬೆಲೆ ಕಳೆದುಕೊಂಡಿತು.

ಅದಕ್ಕೆ ಐದು ತಿಂಗಳ ಮೊದಲು, 1956ರ ನವೆಂಬರ್ 1ರಂದು, ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಬಂದಿತ್ತು. ಅಲ್ಪ ಕಾಲದಲ್ಲಿ ರಾಜ್ಯ, ನಾಣ್ಯ, ತೂಕ ಮೂರೂ ಬದಲಾದ ಪೇಟೆ ಅದು. 1959ರ ಕಾಯ್ದೆಯ ಅಡಿಯಲ್ಲಿ ರೇಷ್ಮೆಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಗೆ ಬಂತು: ಲಾಟಿಗೆ ನಂಬರು, ಎಲ್ಲರೆದುರು ಹರಾಜು, ತೂಕ, ಚೀಟಿ. ದಲ್ಲಾಳಿ ಬಟ್ಟೆಯ ಕೆಳಗೆ ಬೆರಳು ಮುಟ್ಟಿ ದರ ಹೇಳುವ ವ್ಯಾಪಾರಕ್ಕಿಂತ ಇದು ಎಷ್ಟೋ ಮೇಲು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಯಾಗಿ ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಮತ್ತೆ ಒಬ್ಬರ ಕಂಕುಳಲ್ಲೇ ಇತ್ತು. ಪಹಣಿ ಬೇಕಾದ ರೈತ ಅವರ ಹಿಂದೆ ಅಲೆಯುವುದೂ ತಪ್ಪಲಿಲ್ಲ.

ಈ ನಡುವೆ ಹೊರಗಿನ ಲೋಕದಲ್ಲಿ ಲೆಕ್ಕ ಯಂತ್ರಕ್ಕೆ ಹೋಗಿತ್ತು. 1951ರಲ್ಲಿ ಲಂಡನ್ನಿನ ಜೆ. ಲಯನ್ಸ್ ಎಂಬ ಟೀ ಅಂಗಡಿಗಳ ಕಂಪನಿ ತನ್ನದೇ ಕಂಪ್ಯೂಟರ್ ‘ಲಿಯೊ’ ಕಟ್ಟಿ ಬೇಕರಿಯ ಲೆಕ್ಕ ಹಾಕಿಸಿತು. 1954ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯ ಸಂಬಳದ ಪಟ್ಟಿಯನ್ನು ಯುನಿವ್ಯಾಕ್ ತಯಾರಿಸಿತು. ಇಂಥವುಗಳ ಬೆನ್ನಿಗೇ ವಿಶ್ವವಿದ್ಯಾಲಯಗಳಲ್ಲಿ ಹೊಸ ಪಾಠ ಹುಟ್ಟಿದ್ದು. 1982ರಲ್ಲಿ ವಿಲಿಯಂ ಮೆಕಾರ್ಥಿ ಎಂಬ ಪ್ರಾಧ್ಯಾಪಕರು ಜಮೆ–ಖರ್ಚನ್ನೇ ಮೂಲವಾಗಿ ಹಿಡಿಯಬೇಕಿಲ್ಲ, ಯಾವ ವಸ್ತು, ಯಾವ ಘಟನೆ, ಯಾವ ವ್ಯಕ್ತಿ ಎಂಬ ಮೂರನ್ನು ಬರೆದಿಟ್ಟರೆ ಬೇಕಾದ ಲೆಕ್ಕ ತೆಗೆಯಬಹುದು ಎಂದು ವಾದಿಸಿದರು. ಕೊಳ್ಳೇಗಾಲದ ಸಾಹುಕಾರರು ಕೇಳಿದ್ದರೆ ಇದರಲ್ಲಿ ಹೊಸದೇನಿದೆ ಎನ್ನುತ್ತಿದ್ದರೇನೋ. ಇಂಥ ನೇಕಾರನಿಗೆ, ಇಂಥ ದಿನ, ಇಷ್ಟು ತೂಕದ ಜರಿ ಎಂದೇ ಅವರು ಬರೆಯುತ್ತಿದ್ದದ್ದು.

ಕರ್ನಾಟಕದ ಅಂಗಡಿಗಳಿಗೆ ಯಂತ್ರ ಬಂದದ್ದು ಬೆಂಗಳೂರಿನ ಮೂಲಕ. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ, ಮಗ ಭರತ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗದೆ ತಾವೇ ಒಂದನ್ನು ಬರೆದುಕೊಂಡರು. ಎರಡು ವರ್ಷದ ಮೇಲೆ ಅದಕ್ಕೆ ಟ್ಯಾಲಿ ಎಂಬ ಹೆಸರು ಬಂತು. ಈಗ ತಾಲ್ಲೂಕು ಕೇಂದ್ರಗಳಲ್ಲಿ ಬಿ.ಕಾಂ. ಓದುವ ಮಕ್ಕಳು ಸಂಜೆ ‘ಟ್ಯಾಲಿ ಕ್ಲಾಸಿಗೆ’ ಹೋಗುತ್ತಾರೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲಂತೂ ಪೇಟೆಯಲ್ಲಿ ಟ್ಯಾಲಿ ಗೊತ್ತಿರುವ ಹುಡುಗ ಹುಡುಗಿಯರಿಗೆ ಬೇಡಿಕೆಯೋ ಬೇಡಿಕೆ. ಕಿರ್ದಿಯಿಂದ ಖಾತೆಗೆ ಎತ್ತಿ ಬರೆಯುವ ಕೆಲಸವೇ ಈಗಿಲ್ಲ. ಒಮ್ಮೆ ಒತ್ತಿದರೆ ತಾಳೆಪಟ್ಟಿಯ ತನಕ ತಾನೇ ಹೋಗುತ್ತದೆ. ಮೊದಲ ನಮೂದು ತಪ್ಪಾದರೆ ತಪ್ಪೂ ಅಷ್ಟೇ ಸಲೀಸಾಗಿ ಕೊನೆಯ ತನಕ ಹೋಗುತ್ತದೆ.

ಸರ್ಕಾರದ ಕಡೆಯಿಂದ ದೊಡ್ಡ ಹೆಜ್ಜೆ ‘ಭೂಮಿ’. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬರುವಂತಾಯಿತು. ಕೊಳ್ಳೇಗಾಲದ ಕರಣಂ, ಯಳಂದೂರಿನ ಶಾನುಭೋಗ ಇಬ್ಬರ ಪುಸ್ತಕಗಳ ಸಂತಾನವೂ ಒಂದೇ ನಮೂನೆಗೆ ಬಂದು ನಿಂತದ್ದು ಆಗಲೇ. ಹೆಚ್ಚು ಜಾಣತನ ಇದ್ದದ್ದು ಮಾತ್ರ ಕಣ್ಣಿಗೆ ಕಾಣದ ಕಡೆ: ಕೆಲಸ ಮಾಡುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಯಾರು ಏನು ಬದಲಿಸಿದರು ಎಂಬುದು ಅಳಿಸಲಾಗದಂತೆ ಉಳಿಯುತ್ತದೆ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. ಕಡತವನ್ನು ಒರೆಸಿ ಬರೆಯುವ ಸೌಕರ್ಯಕ್ಕೂ, ಕಾಸು ಕೊಟ್ಟವರ ಅರ್ಜಿ ಮೇಲಕ್ಕೆ ಬರುವ ಸೌಕರ್ಯಕ್ಕೂ ಒಟ್ಟಿಗೇ ಕೊಟ್ಟ ಪೆಟ್ಟು ಇದು. ಕಂಪ್ಯೂಟರಿಗೆ ಏರಿಸಿದ ಹಳೆಯ ಪುಸ್ತಕದಲ್ಲೇ ಹೆಸರು ತಪ್ಪಿದ್ದರೆ? ಆಗ ತಿದ್ದುಪಡಿಗೆ ಮತ್ತೆ ಕಚೇರಿ ಅಲೆದಾಟ. ಆ ದೂರು ಇವತ್ತಿಗೂ ಮುಗಿದಿಲ್ಲ.

ಖಜಾನೆಗಳೂ ಅದೇ ಸುಮಾರಿನಲ್ಲಿ ‘ಖಜಾನೆ’ ಎಂಬ ಹೆಸರಿನ ಜಾಲಕ್ಕೆ ಸೇರಿದವು. ಕಾಸಿ ಚೆಟ್ಟಿಯ ಹುದ್ದೆಯ ಅರ್ಧ ಕೆಲಸ ಈಗ ಬೆಂಗಳೂರಿನ ಯಂತ್ರದ್ದು. 2006ರ ಲೆಕ್ಕಪತ್ರ ನಿಯಮಗಳು ಪುರಸಭೆ, ಪಟ್ಟಣ ಪಂಚಾಯಿತಿಗಳಿಗೂ ದ್ವಿನಮೂದು ಪದ್ಧತಿಯನ್ನು ತಂದವು. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಾಚಿಯೊಲಿ ಅಚ್ಚು ಹಾಕಿಸಿದ ವಿದ್ಯೆ ಯಳಂದೂರಿನಂಥ ಸಣ್ಣ ಪಟ್ಟಣದ ಪಂಚಾಯಿತಿ ಕಚೇರಿಗೆ ಬರಲು ಐನೂರು ವರ್ಷ ಹಿಡಿಯಿತು.

ಹನೂರಿನ ಕಡೆ ಹೋದರೆ ಯಂತ್ರ ಮುಟ್ಟದ ಲೆಕ್ಕವೂ ಸಿಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಹುಂಡಿ ಎಣಿಕೆ ಇಂದಿಗೂ ಹತ್ತಾರು ಕೈಗಳ ಕೆಲಸ. ಅಧಿಕಾರಿಗಳು, ಬ್ಯಾಂಕಿನವರು, ಪೊಲೀಸರು, ಕ್ಯಾಮೆರಾಗಳ ಎದುರಿನಲ್ಲಿ ನೋಟು, ಚಿಲ್ಲರೆ, ಬೆಳ್ಳಿ, ಬಂಗಾರ ಬೇರೆ ಬೇರೆ ರಾಶಿಯಾಗುತ್ತವೆ. ಒಂದೊಂದು ಎಣಿಕೆಗೆ ಕೋಟಿ ದಾಟುವುದು ಮಾಮೂಲು. ಕಾಣಿಕೆಗೆ ರಸೀದಿ ಇರುವುದಿಲ್ಲ. ಎಷ್ಟು ಬಂತೆಂದು ಹಾಕಿದವರಿಗೂ ಗೊತ್ತಿಲ್ಲ, ಹಾಕಿಸಿಕೊಂಡವನು ಹೇಳುವುದಿಲ್ಲ. ಆದ್ದರಿಂದ ಇಲ್ಲಿ ಪುಸ್ತಕಕ್ಕಿಂತ ಸಾಕ್ಷಿಗಳೇ ಮುಖ್ಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಲ್ಯಾಂಪ್ಸ್ (ಆದಿವಾಸಿ ಸಹಕಾರ) ಸಂಘಗಳದ್ದು ಇನ್ನೊಂದು ಬಗೆ. ಜೇನು, ನೆಲ್ಲಿಕಾಯಿ, ಪಾಚಿ ಸಂಘಕ್ಕೆ ಬಂದು ತೂಕವಾಗುತ್ತಿದ್ದವು. 1990ರ ದಶಕದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಏಟ್ರೀ ಸಂಸ್ಥೆಯೂ ಸೋಲಿಗರನ್ನೇ ಜೊತೆಗೆ ಕೂರಿಸಿಕೊಂಡು ಕಾಡಿನಲ್ಲಿ ಎಷ್ಟಿದೆ, ಎಷ್ಟು ತೆಗೆದರು ಎಂಬ ದಾಖಲೆ ಬೆಳೆಸಿದವು. ಅಲ್ಲಿ ಕಾಡೂ ಲೆಕ್ಕದ ಒಂದು ಕಡೆಗೆ ಬಂದು ಕುಳಿತಿತು.

2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಕೊಳ್ಳೇಗಾಲ, ಹನೂರು, ಯಳಂದೂರು ಇರುವ ಚಾಮರಾಜನಗರ ಜಿಲ್ಲೆಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು. ಈ ಮೂರು ತಾಲ್ಲೂಕುಗಳ ಬಿ.ಕಾಂ. ಮಕ್ಕಳು ಅದರ ಮಡಿಲಿಗೆ ಬಿದ್ದರು. ಆಂತರಿಕ ನಿಯಂತ್ರಣದ ಪಾಠ ಬಂದಾಗ ಮೇಷ್ಟರು ಸಾಮಾನ್ಯವಾಗಿ ಹೇಳುವುದು 2001ರ ಎನ್ರಾನ್ ಕತೆ, ಇಲ್ಲವೇ 2009ರ ಜನವರಿಯಲ್ಲಿ ಒಡೆದ ಸತ್ಯಂ ಕತೆ. ಎರಡೂ ಒಳ್ಳೆಯ ಉದಾಹರಣೆಗಳೇ. ಆದರೆ ಖಜಾಂಚಿ, ಗುಮಾಸ್ತ, ಮೇಲಧಿಕಾರಿ ಮೂವರ ನಡುವಿನ ಬೇಲಿ ಬಿದ್ದರೆ ಏನಾಗುತ್ತದೆಂದು ತೋರಿಸಲು ಕಾಸಿ ಚೆಟ್ಟಿಯ ಪ್ರಕರಣ ಇನ್ನೂ ಹತ್ತಿರದ್ದು. ಕಂದಾಯ ಕಟ್ಟಿದವರಲ್ಲಿ ಆ ಮಕ್ಕಳ ಪೂರ್ವಿಕರೂ ಇದ್ದಿರಬಹುದು. ಪಾಠಕ್ಕೆ ತರುವವರು ಒಂದಿಷ್ಟು ದೂರ ಹೋಗಬೇಕಾಗುತ್ತದೆ, ಅಷ್ಟೆ. ಕೊಳ್ಳೇಗಾಲ ಮೈಸೂರಿಗೆ ಬಂದರೂ ಅದರ 157 ವರ್ಷಗಳ ಮದರಾಸು ಆಳ್ವಿಕೆಯ ಕಂದಾಯ ಮಂಡಲಿ ದಾಖಲೆಗಳು ಇರುವುದು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ.